ಏಡನ್ನಿನಲ್ಲಿ ಬಿಟ್ಟು ಬಂದ ನೀರಗಂಟಿ

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಮ್ಮೆ ನಾನೇ ಮಸಿ ಬಳಿದಿದ್ದೇನೆ. ತೊಳೆಯುವ ನೆಪದಲ್ಲಿ ಮತ್ತೆ ಅದರ ಮೇಲೆ ಕೈ ಹಾಕುವ ಹಕ್ಕು ನನಗಿಲ್ಲ. ಊರಿನವರಿಗೆ ಯಾರೆಂದು ತಾನಾಗಿ ಗೊತ್ತಾಗುತ್ತದೆ. ಹೊರಗಿನವರಿಗೆ ಇಷ್ಟು ಸಾಕು: ಆವತಿಗೂ ಕುಂದಾಣಕ್ಕೂ ನಡುವೆ ಇರುವ ನಮ್ಮೂರಿನ ಕೆರೆಗೆ ಅವನು ನೀರಗಂಟಿ. ತೂಬು ತೆಗೆಯುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವವನು. ಹೋದ ತಿಂಗಳು ತೀರಿಕೊಂಡ.

ನನಗಿಂತ ಹನ್ನೊಂದು ವರ್ಷ ದೊಡ್ಡವನು. ಆದರೂ ನಮ್ಮ ಮನೆಯಲ್ಲಿ ಚಿಕ್ಕವರು ಕೂಡ ಅವನನ್ನು ಹೋಗೋ ಬಾರೋ ಎನ್ನುತ್ತಿದ್ದೆವು, ಊರ ಹೊರಗಿನ ಕೇರಿಯವನು ಎಂಬ ಒಂದೇ ಕಾರಣಕ್ಕೆ. ಈಗ ಸತ್ತ ಮೇಲೆ ‘ಅವರು’ ಎಂದು ಬರೆದರೆ ನಾನು ಒಳ್ಳೆಯವನಾಗಿ ಕಾಣಿಸಬಹುದು, ಅಷ್ಟೇ. ಹಾಗಾಗಿ ಅಂದು ಕರೆದ ಹಾಗೇ ಬರೆಯುತ್ತೇನೆ.

ಆಳು ಕುಳ್ಳ, ಪಾದ ಅಗಲ. ಯಾರಾದರೂ ಮಾತಾಡಿಸಿದರೆ ಮೊದಲು ಕಾಲ ಬಳಿಯ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದ. ಮಣ್ಣಿನಲ್ಲಿ ಎಷ್ಟು ಹಸಿ ಇದೆ ಎಂದು ತಿಳಿಯದೆ ಅವನಿಗೆ ಯಾವ ಮಾತೂ ಹೊರಡುತ್ತಿರಲಿಲ್ಲ. ಕೆರೆ ತುಂಬಿದಾಗಲೂ ನಗುತ್ತಿರಲಿಲ್ಲ, ಬತ್ತಿದಾಗಲೂ ಕೊರಗುತ್ತಿರಲಿಲ್ಲ. “ನೀರು ಬಂದದ್ದು ನಮ್ಮ ಜಾಣತನ ಅಲ್ಲ, ಹೋಗಿದ್ದು ನಮ್ಮ ತಪ್ಪಲ್ಲ. ಹಂಚೋದು ಮಾತ್ರ ನಮ್ದು” ಅನ್ನುತ್ತಿದ್ದ.

ಹಂಚುವುದಕ್ಕೆ ಅವನ ಅಳತೆ ನೆರಳು. ಸಮ ನೆಲದಲ್ಲಿ ರುಮಾಲು ತೆಗೆದು ನೆಟ್ಟಗೆ ನಿಲ್ಲುವುದು, ನೆರಳಿನ ತಲೆ ಬಿದ್ದಲ್ಲಿ ಒಂದು ಕಲ್ಲಿಡುವುದು, ನಿಂತ ಜಾಗದಿಂದ ಕಲ್ಲಿನವರೆಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಪಾದ ಇಡುವುದು. ಏಳು ಅಡಿ ಬಂದರೆ ಹಗಲು ಮೂರು ಗಂಟೆ. ಹನ್ನೆರಡು ಬಂದರೆ ನಾಲ್ಕು. ಮಾಸ ಬದಲಾದಂತೆ ಅರ್ಧ ಅಡಿ, ಒಂದಡಿ ಆಚೀಚೆ ಮಾಡಿಕೊಳ್ಳುತ್ತಿದ್ದ. ಊರಿನ ಎಲ್ಲ ಗದ್ದೆಗಳ ಸರದಿಯೂ ಆ ಪಾದದ ಮೇಲೆ ನಿಂತಿತ್ತು. ಅವನ ಅಪ್ಪನ ಕಾಲದಿಂದ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ನನ್ನ ಅಪ್ಪ ಒಮ್ಮೆ ಪ್ರಶ್ನಿಸಿದರು. ಊರಿನಲ್ಲಿ ಹೆಚ್ಚು ಗದ್ದೆ ಇದ್ದವರು ನಾವೇ. ನಮ್ಮ ಸರದಿ ಮುಗಿದಿತ್ತು, ಅವನು ಮಡವೆ ತಿರುಗಿಸಿ ನೀರನ್ನು ಪಕ್ಕದ ಗದ್ದೆಗೆ ಬಿಡಲು ಬಂದ.

“ಇನ್ನೊಂದ್ ಸ್ವಲ್ಪ ಬಿಡೋ, ಮೂಲೆ ನೆನೆದಿಲ್ಲ” ಅಂದರು ಅಪ್ಪ.

“ಏಳು ಅಡಿ ಆಯ್ತು ಗೌಡ್ರೇ.”

“ನಿನ್ನ ಪಾದ ಅಗಲ, ಆಳು ಮೋಟು. ನನ್ನ ಪಾದದಲ್ಲಿ ಅಳೆದ್ರೆ ಬೇರೆ ಬರುತ್ತೆ.”

“ನಿಮ್ಮ ಪಾದಕ್ಕೆ ನಿಮ್ಮ ನೆರಳೇ ಬೇಕಲ್ಲ ಗೌಡ್ರೇ. ಬನ್ನಿ, ಜೋಡು ಬಿಟ್ಟು ನಿಲ್ಲಿ.”

ಅಪ್ಪ ನಿಂತರು, ಅಳೆದರು. ಏಳೇ ಬಂತು. ಸುತ್ತ ನಿಂತಿದ್ದವರು ಮುಖ ಆ ಕಡೆ ತಿರುಗಿಸಿಕೊಂಡು ಕೆಮ್ಮಿದರು. ಅಪ್ಪನೂ ನಕ್ಕುಬಿಟ್ಟರು. ಅಪ್ಪನಿಗಿದ್ದ ಅಷ್ಟು ದೊಡ್ಡತನ ನನಗೆ ಇರಲಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ನಮ್ಮ ಕೆರೆಯ ಏರಿ ಒಡೆಯಿತು. ಎರಡು ಮೂರು ವರ್ಷ ರಿಪೇರಿಯಾಗಲಿಲ್ಲ. ನೀರಿಲ್ಲದ ಮೇಲೆ ನೀರಗಂಟಿಗೇನು ಕೆಲಸ. ಅವನು ಮಿಲಿಟರಿಯ ರಸ್ತೆ ಕೆಲಸದ ಪಡೆಗೆ ಸೇರಿದ. ಹೈಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದ ನಾನೂ ಅದೇ ಪಡೆಗೆ ಗುಮಾಸ್ತನಾಗಿ ಸೇರಿದೆ. ಹೊರಡುವಾಗ ಅಪ್ಪ ಅವನಿಗೆ ಹೇಳಿದ್ದು ಒಂದೇ ಮಾತು: “ಇವನಿಗೆ ಓದು ಬರುತ್ತೆ, ಲೋಕ ಗೊತ್ತಿಲ್ಲ. ನೋಡ್ಕೊ.” ಅವನು ನೋಡಿಕೊಂಡ. ಈಜಿಪ್ಟಿನ ಮರಳಿನಲ್ಲಿ ನನಗೆ ಭೇದಿಯಾದಾಗ ಎಂಟು ದಿನ ಬಟ್ಟೆ ಒಗೆದವನು ಅವನೇ.

ಆ ಮರಳಿನಲ್ಲಿ ಅವನ ನೆರಳು ಮೊದಲು ಕೆಟ್ಟಿತ್ತು. ನಮ್ಮೂರಿನ ಲೆಕ್ಕ ಅಲ್ಲಿಗೆ ಹೊಂದಲಿಲ್ಲ, ನಡು ಮಧ್ಯಾಹ್ನದಲ್ಲೂ ನೆರಳು ಉದ್ದವಾಗಿ ಬೀಳುತ್ತಿತ್ತು. ಎಲ್ಲರೂ ಗೇಲಿ ಮಾಡಿದರು. ಅವನು ಡೇರೆಯ ಹಿಂದೆ ಒಂದು ಗೂಟ ನೆಟ್ಟ. ದಿನವೂ ಬ್ಯೂಗಲ್ ಊದಿದಾಗಲೆಲ್ಲ ಗೂಟದ ನೆರಳಿಗೆ ಗುರುತು ಹಾಕಿದ. ನಾಲ್ಕು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಕೊನೆಗೆ ಆ ದೇಶದ ನೆರಳೂ ಅವನ ಪಾದಕ್ಕೆ ಬಂತು.

ನಾನು ಅಷ್ಟರಲ್ಲಿ ಒಂದು ಕೈಗಡಿಯಾರ ಕೊಂಡಿದ್ದೆ. ಅಂಗಿಯ ತೋಳನ್ನು ಮಡಚಿಕೊಂಡೇ ಓಡಾಡುತ್ತಿದ್ದೆ. ಒಂದು ದಿನ ಅವನು, “ಅಪ್ಪಾ, ಹಾಜರಿಗೆ ಹೊತ್ತಾಯ್ತು, ನಡಿ” ಅಂದ. ನಾನು ಗಡಿಯಾರ ತೋರಿಸಿ, “ಇನ್ನೂ ಇಪ್ಪತ್ತು ನಿಮಿಷ ಇದೆ, ನಿನ್ನ ಪಾದ ತೊಳ್ಕೊಂಡು ಬಾ” ಅಂದೆ. ಗಡಿಯಾರ ನಿಂತುಹೋಗಿತ್ತು. ಹಾಜರಿಗೆ ತಡವಾಗಿ ಹೋಗಿ ಎಲ್ಲರೆದುರು ಬೈಸಿಕೊಂಡೆ. ನಮ್ಮ ಹವಾಲ್ದಾರ್ ಹೊಸಕೋಟೆ ಕಡೆಯವನು, ಬಾಯಿ ಹರಿತ. “ಗೌಡ್ರ ಮಗನ ಗಡಿಯಾರಕ್ಕಿಂತ ನೀರಗಂಟಿ ಹಿಮ್ಮಡಿ ವಾಸಿ ಕಣ್ರಲಾ” ಅಂದ. ಆ ಮಾತು ಪಡೆಯಲ್ಲಿ ಗಾದೆಯಾಗಿಬಿಟ್ಟಿತು. ನೀರಗಂಟಿ ನಗಲಿಲ್ಲ. ಅವನು ನಕ್ಕಿದ್ದರೆ ಬಹುಶಃ ನಾನು ಮರೆಯುತ್ತಿದ್ದೆ.

ಯುದ್ಧ ಮುಗಿದ ಮರುವರ್ಷ ನಮ್ಮನ್ನು ಹಡಗಿನಲ್ಲಿ ಊರಿಗೆ ಕಳಿಸಿದರು. ಊರಿನಿಂದ ಕಾಗದ ಬಂದಿತ್ತು, ಏರಿ ಕಟ್ಟಿಯಾಗಿದೆ, ಕೆರೆಗೆ ನೀರು ಬರುತ್ತಿದೆ ಎಂದು. ಅವನಿಗೆ ಅದೇ ಧ್ಯಾನ. ಬಿಡುಗಡೆ ಚೀಟಿ ಹಿಡಿದು ಊರಿಗೆ ಹೋಗಬೇಕು, ತೂಬಿನ ಮೇಲೆ ನಿಲ್ಲಬೇಕು. ಆದರೆ ದಾರಿಯಲ್ಲಿ ಹಡಗಿನ ಖಲಾಸಿಯೊಬ್ಬ ಅವನ ತಲೆಗೆ ಇನ್ನೊಂದನ್ನು ತುಂಬಿದ. ದಾರಿಯಲ್ಲಿ ಸಿಗುವ ಏಡನ್ ಎಂಬ ಬಂದರಿನಲ್ಲಿ ಮಳೆಯೇ ಬೀಳುವುದಿಲ್ಲ, ಆದರೆ ಬೆಟ್ಟದ ಬಂಡೆ ಕೊರೆದು ಮಾಡಿದ ಹಳೆಯ ಕೆರೆಗಳಿವೆ, ಒಂದರ ಮೇಲೊಂದು.

“ಮಳೆ ಇಲ್ದಿರೋ ಊರಲ್ಲಿ ಕೆರೆ ಯಾಕೆ ಕಟ್ತಾರೆ?” ಅವನು ಎರಡು ದಿನ ಇದನ್ನೇ ಕೇಳಿದ. “ನೋಡ್ಲೇಬೇಕು ಅಪ್ಪಾ.”

ಏಡನ್ನಿನಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ, ಜನ ಏಣಿಯಿಂದ ಇಳಿದು ದೋಣಿಯಲ್ಲಿ ಹೋಗಬೇಕು. ಒಂದು ಹಗಲು ನಿಲ್ಲುತ್ತದೆ ಎಂದರು. ನಮ್ಮವರು ಹವಾಲ್ದಾರನ ಹಿಂದೆ ಗುಂಪಾಗಿ ಬಜಾರಿಗೆ ಹೋಗುವುದೆಂದಾಯಿತು.

“ಗುಂಪಲ್ಲಿ ಹೋದ್ರೆ ಅತ್ತರು ಅಂಗ್ಡಿ ನೋಡ್ಕೊಂಡ್ ಬರ್ಬೇಕು. ನಂಗೊಂದು ಬೇರೆ ಚೀಟಿ ಬರ್ಕೊಡು” ಎಂದು ಅವನು ನನ್ನ ಬೆನ್ನು ಬಿದ್ದ. ನಾನು ಇಬ್ಬರ ಹೆಸರಿಗೂ ಚೀಟಿ ಬರೆದು ಸಾಹೇಬನ ಸಹಿ ಹಾಕಿಸಿದೆ. ನನಗೂ ಗುಂಪಿನ ಗಾದೆ ಮಾತು ಕೇಳಿ ಸಾಕಾಗಿತ್ತು.

ಆ ಬೆಳಿಗ್ಗೆ ಹಡಗಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಪೂರ್ವಕ್ಕೆ ಬರುವ ಹಡಗುಗಳಲ್ಲಿ ಹಾಗೆ ಮಾಡುತ್ತಾರೆ. ಹಡಗಿನಲ್ಲಿ ನಾಲ್ಕು ಆದಾಗ ಆ ಊರಿನ ಸೂರ್ಯನಿಗೆ ಇನ್ನೂ ಮೂರು. ಕೊನೆಯ ದೋಣಿ ಹಡಗಿನ ಗಂಟೆಯಂತೆ ನಾಲ್ಕಕ್ಕೆ ದಡ ಬಿಡುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದರು. ಕನ್ನಡದವರಿಗೆ ಓದಿ ತಿಳಿಸುವುದು ನನ್ನ ಕೆಲಸ. ಗುಂಪಿಗೆ ಹೇಳಿದೆ, ನನ್ನ ಗಡಿಯಾರವನ್ನೂ ತಿರುಗಿಸಿಕೊಂಡೆ. ಅವನು ಆಗಲೇ ಏಣಿಯ ಬಳಿ ಹೋಗಿ ನಿಂತಿದ್ದ. “ಕೊನೇ ದೋಣಿ ನಾಲ್ಕಕ್ಕೆ” ಎಂದಷ್ಟೇ ಕೂಗಿ ಹೇಳಿದೆ. ಉಳಿದದ್ದನ್ನು ದೋಣಿಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ದೋಣಿಗೆ ಇಳಿಯುವುದೇ ಒಂದು ಫಜೀತಿ. ಅಲೆ ಬಂದಾಗ ದೋಣಿ ಮೇಲೇಳುತ್ತದೆ, ಮರುಕ್ಷಣ ಪಾತಾಳಕ್ಕೆ ಹೋಗುತ್ತದೆ. ನಮ್ಮ ಬಯಲುಸೀಮೆಯವರು ಏಣಿಯನ್ನು ತಬ್ಬಿಕೊಂಡು ದೇವರನ್ನು ಕರೆದರು. ಅವನು ಮೂರು ಅಲೆ ನೋಡಿದ, ನಾಲ್ಕನೆಯದಕ್ಕೆ ಸುಮ್ಮನೆ ಹೊಸಿಲು ದಾಟಿದ ಹಾಗೆ ಕಾಲಿಟ್ಟ. “ಮೇಲಕ್ಕೆ ಬಂದಾಗ ಇಡು ಅಪ್ಪಾ, ಇಳಿಯೋವಾಗ ನಂಬ್ಬೇಡ” ಎಂದು ಕೈ ಚಾಚಿದ. ನಾನು ಇಳಿಯುವಾಗಲೇ ಇಟ್ಟು ಮಂಡಿ ತರಚಿಸಿಕೊಂಡೆ. ಆ ನೋವಿನಲ್ಲಿ ಗಂಟೆಯ ವಿಷಯ ಮರೆಯಿತು. ಇಲ್ಲಿಯವರೆಗೆ ನನ್ನದು ಬರೀ ಮರೆವು.

ದಡ ಹತ್ತಿದೊಡನೆ ಅವನು ಮಾಡಿದ ಮೊದಲ ಕೆಲಸ ರುಮಾಲು ತೆಗೆದು ನಿಂತದ್ದು. ಅಳೆದ. ಸ್ವಲ್ಪ ಹೊತ್ತು ಬಿಟ್ಟು, ನೆರಳು ಎಷ್ಟು ಕುಗ್ಗಿತೆಂದು ಮತ್ತೆ ಅಳೆದ. ಮುಖ ಅರಳಿತು. ಅಷ್ಟು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಅಂದೇ.

“ಅಪ್ಪಾ, ಇಲ್ಲಿ ನೆರಳು ನಮ್ಮೂರ್ದೇ ಕಣಪ್ಪಾ. ಒಂದ್ ಕೂದ್ಲೂ ಹೆಚ್ಚುಕಮ್ಮಿ ಇಲ್ಲ. ಇವತ್ತು ನಿನ್ ಗಡಿಯಾರ ಮಲಗ್ಲಿ ಬಿಡು.”

ಅವನು ಸಂತೋಷಕ್ಕೆ ಹೇಳಿದ್ದು. ನನಗೆ ಹವಾಲ್ದಾರನ ನಗೆ ಕೇಳಿಸಿತು.

ಊರು ಇಟ್ಟಿಗೆ ಗೂಡಿನೊಳಗೆ ಕಟ್ಟಿದ ಹಾಗಿತ್ತು. ಸುತ್ತ ಸುಟ್ಟ ಕರಿ ಬೆಟ್ಟ, ಒಂದು ಹುಲ್ಲುಕಡ್ಡಿ ಇಲ್ಲ. ಮೋಟಾರಿನವರು ಕೈ ಹಿಡಿದು ಎಳೆದರು, ಅವನು ಬಿಡಿಸಿಕೊಂಡ. “ನಡ್ಕೊಂಡ್ ಹೋದ್ರೆ ತಾನೆ ಇಳಿಜಾರು ಯಾವ ಕಡೆ ಅಂತ ಗೊತ್ತಾಗೋದು.” ನಮ್ಮ ಹರುಕು ಹಿಂದೂಸ್ತಾನಿ ಅಲ್ಲಿ ನಡೆಯುತ್ತಿತ್ತು. ಗುಜರಾತಿ ಅಂಗಡಿಯವನೊಬ್ಬ ದಾರಿ ತೋರಿಸಿದ. ಐದು ಮೈಲಿ, ಬೆಟ್ಟ ಸೀಳಿದ ಒಂದು ಕಣಿವೆ ದಾಟಿ. ಒಂಟೆ ಗಾಡಿಯಲ್ಲಿ ನೀರು ಮಾರುತ್ತಾ ಬಂದವನನ್ನು ಅವನು ನಿಲ್ಲಿಸಿ ಒಂದು ಗುಟುಕು ಬಾಯಲ್ಲಿ ಹೊರಳಿಸಿ, “ಬಾವಿದು, ಉಪ್ಪುಪ್ಪು. ಸಮುದ್ರ ಹತ್ರ ಬರ್ತಾ ಇದೆ” ಅಂದ.

ಕೆರೆ ಎಂದರೆ ನಮ್ಮ ಹಾಗೆ ಮಣ್ಣಿನ ಏರಿ ಅಲ್ಲ. ಬೆಟ್ಟದ ಕೊರಕಲಿನಲ್ಲಿ ಬಂಡೆ ಕಡಿದು, ಗಾರೆ ಮೆತ್ತಿ ಮಾಡಿದ ದೊಡ್ಡ ದೊಡ್ಡ ತೊಟ್ಟಿಗಳು, ಮೆಟ್ಟಿಲಿನ ಹಾಗೆ ಮೇಲೆ ಮೇಲೆ. ಹನಿ ನೀರಿಲ್ಲ. ನನಗೆ ಐದು ಮೈಲಿ ನಡೆದದ್ದು ದಂಡ ಅನಿಸಿತು. ಅವನು ಚಪ್ಪಲಿ ಬಿಟ್ಟು ಇಳಿದ. ಗಾರೆಯ ಮೇಲೆ ಅಂಗೈ ಸವರಿದ, ಹಳೆಯ ನೀರಿನ ಕಲೆ ಎಷ್ಟು ಎತ್ತರಕ್ಕಿದೆ ಎಂದು ನೋಡಿದ.

“ಮೇಲಿಂದು ತುಂಬಿ ಕೋಡಿ ಬಿದ್ರೆ ಕೆಳಗಿಂದು. ಅದು ತುಂಬಿದ್ರೆ ಇನ್ನೊಂದು. ನಮ್ ಕಡೆ ಕೆರೆ ಸಾಲು ಹಂಗೇ. ಹತ್ತು ವರ್ಷಕ್ಕೊಂದು ಮಳೆಗೆ ಕಟ್ಟಿ ಕಾಯ್ಕೊಂಡಿದ್ರು ನೋಡು. ಎಂಥಾ ಹಟದೋರು.” ತಲೆ ಎತ್ತಿ ಬೆಟ್ಟ ನೋಡಿದ. “ತುದೀದಕ್ಕೆ ನೀರು ಎಲ್ಲಿಂದ ಬರುತ್ತೆ ನೋಡ್ಕೊಂಡ್ ಬರ್ತೀನಿ.”

ನನ್ನ ಗಡಿಯಾರದಲ್ಲಿ ಒಂದೂಮುಕ್ಕಾಲು. ಅವನ ನೆರಳಿನಲ್ಲಿ ಹನ್ನೆರಡೂಮುಕ್ಕಾಲು. ಆಗ ನನಗೆ ಗಂಟೆಯ ವಿಷಯ ನೆನಪಾಯಿತು.

“ನಾನು ಹೊರಡ್ತೀನಿ, ಮಂಡಿ ನೋಯ್ತಾ ಇದೆ” ಅಂದೆ.

“ಹೋಗಿರು. ನಾಲ್ಕಕ್ಕೆ ತಾನೆ? ಅಂದ್ರೆ ಹನ್ನೆರಡು ಅಡಿ. ಒಂಬತ್ತು ಅಡಿ ಆಗೋದ್ರೊಳಗೆ ದಡದ ಮೇಲಿರ್ತೀನಿ.”

ಒಂದು ಮಾತು ಹೇಳಬೇಕಾಗಿತ್ತು. ಬಾಯಿಯವರೆಗೆ ಬಂದಿತ್ತು. “ಸರಿ” ಅಂದೆ.

ಅವನು ಹಡಗು ತಪ್ಪಿಸಿಕೊಳ್ಳಲಿ ಎಂದು ನಾನು ಬಯಸಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವೂ ಹೌದು. ಓಡಿಬರುತ್ತಾನೆ, ಏದುಸಿರು ಬಿಡುತ್ತಾನೆ, ದೋಣಿಯಲ್ಲಿ ಎಲ್ಲರೂ ನಗುತ್ತಾರೆ, ಗಾದೆ ತಿರುಗಿಬೀಳುತ್ತದೆ ಎಂದಷ್ಟೇ ಎಣಿಸಿದ್ದೆ. ಅವನ ನೆರಳು ಎಲ್ಲರೆದುರು ತಪ್ಪಬೇಕು ಎಂದು ಮಾತ್ರ ಬಯಸಿದ್ದೆ.

ದಡದಲ್ಲಿ ಕೊನೆಯ ದೋಣಿ ತುಂಬಿತು.

“ಎಲ್ಲಲಾ ನಿನ್ ಜೊತೆಗಾರ?” ಹವಾಲ್ದಾರ್ ಕೇಳಿದ.

“ಬರ್ತಾನೆ.”

“ಗಂಟೆ ಮುಂದೆ ಹಾಕಿರೋದು ಅವನಿಗೆ ಹೇಳಿದ್ಯೇನೋ?”

“ಹೇಳಿದ್ದೆ.”

ಇದು ಎರಡನೆಯ ಪಾಪ, ಮೊದಲನೆಯದಕ್ಕಿಂತ ದೊಡ್ಡದು. ಹೇಳಿಲ್ಲ ಎಂದಿದ್ದರೆ ಹವಾಲ್ದಾರ್ ಸಾಹೇಬನಿಗೆ ತಿಳಿಸಿ ಒಂದು ದೋಣಿ ನಿಲ್ಲಿಸುತ್ತಿದ್ದ. ಹೇಳಿದ್ದರೂ ಬಂದಿಲ್ಲ ಎಂದರೆ ಬೇಕೆಂದೇ ಬಂದಿಲ್ಲ ಎಂದಾಯಿತು. ಹತ್ತು ನಿಮಿಷ ಕಾದು ದೋಣಿ ಬಿಟ್ಟರು.

ಹಡಗು ಲಂಗರು ಎತ್ತುತ್ತಿದ್ದಾಗ ದಡದ ಕಡೆಯಿಂದ ಒಂದು ಸಣ್ಣ ದೋಣಿ ಬಂತು. ಹುಟ್ಟು ಹಾಕುವವನೊಬ್ಬ, ಅವನೊಬ್ಬ. ಏಣಿ ಎತ್ತಿಯಾಗಿತ್ತು. ನಾನು ಕಟಕಟೆ ಹಿಡಿದು ನೋಡುತ್ತಿದ್ದೆ. ಅವನು ಕೂಗಲಿಲ್ಲ, ಕೈ ಬೀಸಲಿಲ್ಲ. ದೋಣಿಯಲ್ಲಿ ಎದ್ದು ನಿಂತು, ರುಮಾಲು ತೆಗೆದು, ತನ್ನ ನೆರಳು ನೋಡಿಕೊಂಡ. ನೆರಳು ನೀರಿನ ಮೇಲೆ ಬಿದ್ದು ಮುರಿಯುತ್ತಿತ್ತು.

ನಾನು ಊರಿಗೆ ಬಂದೆ. ಅವನ ಹೆಂಡತಿ ನಮ್ಮ ಅಂಗಳದ ಆಚೆ ನಿಂತು, “ಅವ್ರೆಲ್ಲಿ ಚಿಕ್ಕಗೌಡ್ರೇ?” ಎಂದು ಕೇಳಿದಳು. ಜನ ಸೇರಿದ್ದರು. “ನೆರಳು ನೋಡ್ತಾ ಕೂತ, ಹಡಗು ಹೋಯ್ತು” ಅಂದೆ. ಜನ ನಕ್ಕರು. ಅವಳು ನಗುವವರ ಮುಖವನ್ನೆಲ್ಲ ಒಂದೊಂದಾಗಿ ನೋಡಿ ಹೊರಟುಹೋದಳು.

ಮೂರು ತಿಂಗಳ ಮೇಲೆ ಅವನು ಇನ್ನೊಂದು ಹಡಗಿನಲ್ಲಿ ಬಂದ. ಬಿಡುಗಡೆ ಚೀಟಿಯಲ್ಲಿ ಕೆಂಪು ಶಾಯಿಯ ಒಂದು ಸಾಲು, ಬೇಕೆಂದೇ ಹಡಗು ತಪ್ಪಿಸಿದವನು ಎಂದು. ಮನೆಗೆ ಹೋಗುವ ಮುಂಚೆ ನನ್ನ ಬಳಿ ಬಂದ. ಬೈಯುತ್ತಾನೆ ಎಂದುಕೊಂಡೆ.

“ಒಂದ್ ಮಾತು ಹೇಳಪ್ಪಾ. ಅವತ್ತು ನಾಲ್ಕು ಗಂಟೆ ನಾಲ್ಕಕ್ಕೇ ಆಯ್ತಾ?”

ಅವನು ಮೂರು ತಿಂಗಳು ಇದೊಂದನ್ನೇ ಯೋಚಿಸಿದ್ದ. ಅಪ್ಪ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು.

“ಇನ್ನೇನು, ಐದಕ್ಕೆ ಆಗುತ್ತಾ?” ಅಂದೆ.

“ಹಂಗಾದ್ರೆ ನನ್ ಪಾದವೇ ತಪ್ಪಿರ್ಬೇಕು” ಅಂದು, ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿ, ಹೋದ.

ಆ ಬೇಸಿಗೆ ಸರದಿ ಶುರುವಾದಾಗ ಯಾರೋ, “ಹಡಗು ಬಿಟ್ಟ ನೆರಳು, ನಮ್ ಗದ್ದೆ ಬಿಡಲ್ವಾ?” ಎಂದು ಚುಚ್ಚಿದರು. ಇನ್ನೊಬ್ಬರು ಜಗಳಕ್ಕೇ ನಿಂತರು. ಅವನು ಯಾರೊಂದಿಗೂ ವಾದಿಸಲಿಲ್ಲ. ಏರಿಯ ಮೇಲೆ ಊರು ಸೇರಿಸಿ, “ಇನ್ಮೇಲೆ ಗಡಿಯಾರ ಇಟ್ಕೊಳ್ಳಿ. ತಪ್ಪೋ ಅಳತೆಯಲ್ಲಿ ನಾನು ನೀರು ಹಂಚಲ್ಲ” ಅಂದ. ತಾನಾಗಿಯೇ ಬಿಟ್ಟುಕೊಟ್ಟ. ಗಡಿಯಾರ ತಂದು ನಮ್ಮ ಮನೆಯ ಜಗುಲಿಯಲ್ಲಿ ನೇತುಹಾಕಿದರು, ಅದನ್ನು ಓದುವವನು ನಾನು. ತೆಗಿ ಎಂದರೆ ಅವನು ತೂಬು ತೆಗೆದ, ಮುಚ್ಚು ಎಂದರೆ ಮುಚ್ಚಿದ.

ಜಗುಲಿಯ ಗಡಿಯಾರದಲ್ಲಿ ನಮ್ಮ ಗಂಟೆ ಸ್ವಲ್ಪ ಉದ್ದವಾಯಿತು. ನಮಗೆ ಬೇಕಾದವರದ್ದೂ ಆಯಿತು. ನಾನೇ ಮಾಡಿದೆ, ಅಪ್ಪ ನೋಡದವರಂತಿದ್ದರು. ಎಲ್ಲರದೂ ಮುಗಿಯುವಷ್ಟರಲ್ಲಿ ಕೊನೆಯ ಗದ್ದೆಗಳಿಗೆ ಹೊತ್ತು ಉಳಿಯುತ್ತಿರಲಿಲ್ಲ. ಒಂಬತ್ತು ಮನೆಯವರ ಗದ್ದೆ ಅವು. ಆಗ ನೀರಗಂಟಿ ಮಾಡಿದ್ದು ಇದು: ತೂಬು ಮುಚ್ಚಿದ ಮೇಲೆ ಕಾಲುವೆಯ ಗುಂಡಿಗಳಲ್ಲಿ ನಿಂತ ನೀರನ್ನು ಗಂಡ ಹೆಂಡತಿ ಎದುರುಬದುರು ನಿಂತು ಹಗ್ಗದ ಗೂಡೆಯಿಂದ ಎತ್ತಿ ಆ ಗದ್ದೆಗಳಿಗೆ ಹಾಯಿಸುತ್ತಿದ್ದರು. ಯಾರೂ ಕೇಳಿರಲಿಲ್ಲ. ಒಂದು ವರ್ಷ ಅಲ್ಲ, ಕೊಳವೆ ಬಾವಿಗಳು ಬರುವವರೆಗೆ. “ನನ್ ಪಾದ ಸರಿಯಿದ್ದಿದ್ರೆ ಇವ್ರಿಗೆ ನೀರು ಸಿಗ್ತಿತ್ತು” ಎಂದು ಅವನು ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನ ತಪ್ಪನ್ನು ಅವನು ತೋಳಿನಲ್ಲಿ ಎತ್ತಿ ಸುರಿಯುತ್ತಿದ್ದ.

ಮುದುಕರಾದ ಮೇಲೆ ಒಮ್ಮೆ ದೇವನಹಳ್ಳಿಯಲ್ಲಿ ಇಬ್ಬರೂ ಒಟ್ಟಿಗೆ ಬಸ್ಸಿಗೆ ಕಾಯುತ್ತಿದ್ದೆವು. ಹಣ್ಣಿನ ಗಾಡಿಯವಳೊಬ್ಬಳು ಅವನನ್ನು, “ಟೈಮೆಷ್ಟಾಯ್ತು ತಾತ?” ಎಂದು ಕೇಳಿದಳು. ಅವನ ಕಣ್ಣು ನೆಲಕ್ಕೆ ಹೋಯಿತು. ಒಂದು ಪಾದ ಅರ್ಧ ಎದ್ದಿತು. ಹಾಗೇ ಇಳಿಸಿ, “ಅವ್ರ ಕೈಲಿದೆ, ಕೇಳಮ್ಮಾ” ಅಂದ. ನಾನು ಟೈಮು ಹೇಳಿದೆ. ಮತ್ತೇನೂ ಹೇಳಲಿಲ್ಲ. ಮೊದಲು ಅಪ್ಪನ ಭಯ, ಆಮೇಲೆ ಗದ್ದೆಯ ಆಸೆ, ಆಮೇಲೆ ತಡವಾಯಿತಲ್ಲ ಎಂಬ ನೆಪ. ನೆಪಗಳಿಗೆ ನನಗೆ ಬರವಿರಲಿಲ್ಲ.

ಅವನು ಹೋದ ಹನ್ನೆರಡನೆಯ ದಿನ ಕೇರಿಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಒಂದು ಗಂಟೆ ಮುಂದೆ ಹಾಕಿದ್ದರು, ನನಗೆ ಗೊತ್ತಿತ್ತು, ಹೇಳಲಿಲ್ಲ, ಹೇಳಿದೆ ಎಂದು ಸುಳ್ಳಾಡಿದೆ, ಅವನ ನೆರಳು ಕೊನೆಯವರೆಗೂ ಸರಿಯಾಗಿತ್ತು.

ಅವಳು ಮೊರ ಕೆಳಗಿಟ್ಟಳು. “ಅವ್ರದ್ದು ತಪ್ಪಿರ್ಲಿಲ್ವಾ?”

“ಇಲ್ಲ.”

“ಒಂದ್ ಚೂರೂ?”

“ಒಂದು ಚೂರೂ ಇಲ್ಲ.”

ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. “ನಂಗೆ ಯಾಕೆ ಹೇಳ್ತೀರ? ನಾನು ಯಾವತ್ತೂ ಅವ್ರ ಪಾದ ಅನುಮಾನಿಸ್ಲಿಲ್ಲ. ಅನುಮಾನಿಸಿದೋರ ಮನೆಗಳು ನಿಮ್ಗೆ ಗೊತ್ತಲ್ಲ. ನೀರು ಸಿಗದೇ ಇದ್ದೋರ ಮನೆಗಳೂ ಗೊತ್ತು. ಹೋಗಿ ಹೇಳಿ” ಅಂದಳು. ಮೊರ ಎತ್ತಿಕೊಂಡಳು.

ಕೊನೆಯ ಗದ್ದೆಯವರಿಂದ ಶುರು ಮಾಡಿದ್ದೇನೆ. ಹಳಬರು ಇಲ್ಲ, ಮಕ್ಕಳಿಗೆ, ಸೊಸೆಯರಿಗೆ ಹೇಳುತ್ತೇನೆ. ಒಬ್ಬಳು ಕಾಫಿ ಕೊಟ್ಟು ಕೇಳಿಸಿಕೊಂಡಳು. ಒಬ್ಬ, “ಹಳೇ ಕಥೆ ಬಿಡಿ ಗೌಡ್ರೇ” ಎಂದ, ಬಿಡದೆ ಪೂರ್ತಿ ಹೇಳಿದೆ. ಏಳು ಮನೆ ಆಗಿದೆ. ಎಂಟನೆಯ ಮನೆಯವನು ವಿಷಯ ಮೊದಲೇ ತಿಳಿದಿದ್ದ, ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ. ಜಗುಲಿಯ ಮೇಲೆ ಸಂಜೆವರೆಗೂ ಕೂತಿದ್ದು ಬಂದೆ. ನಾಳೆ ಬೆಳಿಗ್ಗೆ ಮತ್ತೆ ಅಲ್ಲೇ ಹೋಗಿ ಕೂರುತ್ತೇನೆ.